ಖಾಲಿ ಬಿಡಬೇಡ

ಡಿಸೆಂಬರ್ ಬಂತೆಂದರೆ ಬೆಳಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಕ್ರಿಸ್ಮಸ್ ಹಾಡುಗಳ ಒಂದು ಗಿಟಾರ್ ಆಲ್ಬಮ್ ಹಾಕಿಕೊಂಡು ಕೂರುವುದು ನನ್ನ ರೂಢಿ. ‘ಸಿಕ್ಸ್ ಸ್ಟ್ರಿಂಗ್ ಸಾಂಟಾ’ ಎಂದು ಅದರ ಹೆಸರು. ಆರು ತಂತಿಯ ಸಾಂಟಾ ತಾತ! ಹೆಸರೇನೋ ಸ್ವಲ್ಪ ಅಗ್ಗದ್ದೇ, ಒಳಗಿನ ಸರಕು ಹಾಗಲ್ಲ. ನುಡಿಸಿದವರು ಅಮೆರಿಕದ ಜಾಝ್ ಗಿಟಾರ್ ವಾದಕ ಜೋ ಪಾಸ್. ಬಂದದ್ದು 1992ರಲ್ಲಿ.

ಜೋ ಪಾಸ್ ಬೆಳೆದದ್ದು ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಎಂಬ ಊರಿನಲ್ಲಿ. ತಂದೆ ಸಿಸಿಲಿಯಿಂದ ಬಂದವರು, ಉಕ್ಕಿನ ಕಾರ್ಖಾನೆಯ ಕೆಲಸಗಾರ. ಹುಡುಗನಿಗೆ ಒಂಬತ್ತನೇ ವಯಸ್ಸಿಗೆ ಗಿಟಾರ್ ಸಿಕ್ಕಿತು, ಅದರ ಜೊತೆಗೆ ಅಪ್ಪನ ಕಾಟವೂ. ಕಿವಿಗೆ ಬಿದ್ದದ್ದನ್ನು ನುಡಿಸು, ಗಿಟಾರಿಗೆಂದು ಬರೆಯದ್ದನ್ನೂ ನುಡಿಸು, ಸ್ವರ ಸ್ವರಗಳ ನಡುವೆ ಖಾಲಿ ಬಿಡಬೇಡ ಎಂದು ಬೆನ್ನು ಹತ್ತುತ್ತಿದ್ದರಂತೆ.

ಆ ಮಾತು ಬೆರಳಿಗೆ ಇಳಿದುಬಿಟ್ಟಿತು. ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಉಳಿದ ಬೆರಳುಗಳು ತಾರದಲ್ಲಿ ಹಾಡು ಹಿಡಿದಿರುತ್ತವೆ, ಸಂದಿ ಕಂಡಲ್ಲೆಲ್ಲ ಒಂದು ಸ್ವರಗುಚ್ಛ (ಕಾರ್ಡ್) ತೂರಿಕೊಳ್ಳುತ್ತದೆ. 1973ರಲ್ಲಿ ಒಬ್ಬರೇ ಕೂತು ನುಡಿಸಿದ ‘ವರ್ಚುಯೋಸೊ’ ಆಲ್ಬಮ್ ಕೇಳಿದರೆ ಎರಡನೇ ಗಿಟಾರ್ ಎಲ್ಲಿದೆ ಎಂದು ಹುಡುಕಬೇಕೆನಿಸುತ್ತದೆ. ಅದಕ್ಕೂ ಮೊದಲು ಎಷ್ಟೋ ವರ್ಷ ಮಾದಕವಸ್ತುವಿನ ಪಾಲಾಗಿದ್ದವು. 1962ರಲ್ಲಿ ಹೆಸರು ತಂದುಕೊಟ್ಟ ಆಲ್ಬಮ್ಮನ್ನು ಅವರು ಮಾಡಿದ್ದು ವ್ಯಸನಮುಕ್ತಿ ಕೇಂದ್ರದಲ್ಲಿದ್ದಾಗ, ಅಲ್ಲಿ ಜೊತೆಗಿದ್ದವರನ್ನೇ ಕಟ್ಟಿಕೊಂಡು.

ಜಾಝಿನವರು ಮೊದಲು ಹಾಡನ್ನು ಹಾಡಿನಂತೆಯೇ ನುಡಿಸಿ, ಆಮೇಲೆ ಅದರ ಕಾರ್ಡುಗಳ ಮೇಲೆ ತಮ್ಮದನ್ನು ಕಟ್ಟುತ್ತಾ ಹೋಗಿ, ಕೊನೆಗೆ ಮನೆಗೆ ಮರಳುತ್ತಾರೆ. ದಾರಿ ಬಿಟ್ಟದ್ದು ತಿಳಿಯಬೇಕಾದರೆ ಕೇಳುವವರಿಗೆ ದಾರಿ ಗೊತ್ತಿರಬೇಕಲ್ಲ? ಕ್ರಿಸ್ಮಸ್ ಹಾಡುಗಳು ಅಮೆರಿಕದಲ್ಲಿ ಅಜ್ಜಿ ಮೊಮ್ಮಕ್ಕಳಿಗೆಲ್ಲ ಬಾಯಿಪಾಠ. ಹಾಗಾಗಿ ವಾದಕ ಎಷ್ಟು ದೂರ ಹೋದರೂ ಮಾತುಗಳು ಕೇಳುವವರ ತಲೆಯೊಳಗೆ ಹಾಡಿಕೊಳ್ಳುತ್ತಲೇ ಇರುತ್ತವೆ.

ಚರ್ಚಿನ ಹಾಡಿಗೆ ಆರ್ಗನ್ ಸರಿ, ಗಿಟಾರ್ ಯಾಕೆ ಎನ್ನುವವರಿದ್ದಾರೆ. ಆದರೆ ‘ಸೈಲೆಂಟ್ ನೈಟ್’ ಎಂಬ ಕ್ರಿಸ್ಮಸ್ ಹಾಡು ಹುಟ್ಟಿದ್ದೇ ಗಿಟಾರಿನ ಮೇಲೆ. 1818ರ ಡಿಸೆಂಬರ್ 24, ಆಸ್ಟ್ರಿಯಾದ ಓಬರ್ನ್‌ಡಾರ್ಫ್. ಕಿರಿಯ ಪಾದ್ರಿ ಯೋಸೆಫ್ ಮೋರ್ ತಾವು ಎರಡು ವರ್ಷ ಹಿಂದೆ ಬರೆದಿದ್ದ ಪದ್ಯವನ್ನು ಶಾಲಾಮಾಸ್ತರ ಫ್ರಾನ್ಸ್ ಗ್ರೂಬರ್ ಕೈಗಿತ್ತು, ಎರಡು ಕಂಠಕ್ಕೂ ಗಿಟಾರಿಗೂ ಹೊಂದುವಂತೆ ಧಾಟಿ ಕೇಳಿದರು. ಅದೇ ರಾತ್ರಿ ಮೋರ್ ಗಿಟಾರ್ ಹಿಡಿದರು, ಇಬ್ಬರೂ ಹಾಡಿದರು. ಆರ್ಗನ್ನಿನ ತಿದಿಯನ್ನು ಇಲಿ ಕಡಿದಿತ್ತು ಎಂಬ ಕಥೆಗೆ ಆಧಾರವಿಲ್ಲ. ಕಥೆ ಮಾತ್ರ ಚೆನ್ನಾಗಿದೆ, ಬಿಡಲು ಮನಸ್ಸು ಬರುವುದಿಲ್ಲ. ಮೋರ್ ಅವರ ಆ ಗಿಟಾರ್ ಇವತ್ತಿಗೂ ಹಾಲೈನ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

ಜೋ ಪಾಸ್ ತೀರಿಕೊಂಡದ್ದು 1994ರ ಮೇ ತಿಂಗಳಲ್ಲಿ, ಅರವತ್ತೈದನೇ ವಯಸ್ಸಿಗೆ. ಅವರ ಈ ಕ್ರಿಸ್ಮಸ್ ಆಲ್ಬಮ್ಮಿನಲ್ಲಿ ನಿಧಾನದ ಹಾಡು ಬಂದಾಗ ನನ್ನ ಕಿವಿ ಕಾಯುವುದು ಸ್ವರಗಳಿಗಲ್ಲ, ಸಾಲು ಮುಗಿದು ಇನ್ನೊಂದು ಸಾಲು ಶುರುವಾಗುವ ಮುಂಚಿನ ಬಿಡುವಿಗೆ. ಅಲ್ಲಿ ಏನಿಡುತ್ತಾರೆ? ಅರವತ್ತು ದಾಟಿದ ಆ ವಾದಕರ ಪಕ್ಕದಲ್ಲಿ ಉಕ್ಕಿನ ಕಾರ್ಖಾನೆಯ ಅಪ್ಪ ಇನ್ನೂ ಕೂತಿದ್ದಾರೇನೋ ಅನಿಸುತ್ತದೆ.