ಹಿತ್ತಲ ಗೂಡಿಗೆ ಸಾಧು ಕೋಳಿ



"ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?" ಎಂದು ಗಾದೆ ಉಂಟು. ಮಸಾಲೆಯ ಮಾತಿಗೆ ಕೇಳಬೇಕಾಗಿಲ್ಲ, ನಿಜ. ಆದರೆ ಗೂಡಿನ ಮಾತಿಗೆ ಕೋಳಿಯನ್ನು ಕೇಳಲೇಬೇಕು. ಯಾವ ಕೋಳಿ ಕಟ್ಟಿದ ಜಾಗದಲ್ಲಿ ಸಮಾಧಾನದಿಂದ ಇರುತ್ತದೆ, ಯಾವುದು ಇರುವುದಿಲ್ಲ ಎಂಬುದನ್ನು ಅದರ ಗುಣ ನೋಡಿಯೇ ತಿಳಿಯಬೇಕು. ಇದನ್ನು ನಾನು ಪುಸ್ತಕ ಓದಿ ಕಲಿತವಳಲ್ಲ. ಆರು ಕೋಳಿ ಕಳೆದುಕೊಂಡು ಕಲಿತವಳು.

ನಮ್ಮೂರು ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರ. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ಅತ್ತೆಯವರ ಕಾಲದಲ್ಲಿ ಬೆಳಗಾದರೆ ಬುಟ್ಟಿ ಎತ್ತುವುದು, ಸಂಜೆಯಾದರೆ ಮುಚ್ಚುವುದು. ಕೋಳಿ ಸಾಕಣೆ ಎಂದರೆ ಅಷ್ಟೇ ಆಗಿತ್ತು. ಈಗ ಹಾಗೆ ಬಿಟ್ಟರೆ ರಸ್ತೆಯಲ್ಲಿ ಲಾರಿ, ಓಣಿಯಲ್ಲಿ ನಾಯಿ. ಮೇಲಾಗಿ ಸುಗ್ಗಿಯಲ್ಲಿ ಪ್ರತಿ ಅಂಗಳದಲ್ಲೂ ತೊಗರಿ ಒಣಗಿರುತ್ತದೆ. ಒಂದು ದಿನ ಪಕ್ಕದ ಮನೆಯ ಕಾಕಾ ಬಾಗಿಲಿಗೆ ಬಂದು ನಿಂತರು. "ಯವ್ವಾ, ನಿಮ್ಮ ಕೋಳಿ ನಮ್ಮ ತೊಗರಿ ಎಲ್ಲಾ ಕೆದರ್ಯಾವ. ಇನ್ನೊಮ್ಮೆ ಹಿಂಗಾದ್ರ ನಾ ಸುಮ್ನಿರಾಂಗಿಲ್ಲ ನೋಡು" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾಲ್ಕು ಕೋಳಿಗಾಗಿ ನೆರೆಮನೆಯ ನಂಟು ಕಳೆದುಕೊಳ್ಳಬಾರದೆಂದು ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಜಾಳಿ ಕಟ್ಟಿಸಿದೆ.

ಜಾಳಿಯೇನೋ ಚೆನ್ನಾಗಿತ್ತು. ಒಳಗೆ ಬಿಟ್ಟ ಕೋಳಿಗಳಲ್ಲಿ ಹೊಂದಿಕೆ ಇರಲಿಲ್ಲ. ಮನೆಯ ನಾಟಿ ಕೋಳಿ ಐದು, ಸಂತೆಯಿಂದ ತಂದ ಬಿಳಿ ಲೆಗ್‌ಹಾರ್ನ್ ನಾಲ್ಕು, ನೋಡಲು ಚೆಂದ ಎಂದು ತಂದ ಎತ್ತರದ ಅಸೀಲ್ ಹುಂಜ ಒಂದು. ಎಂಟು ದಿನದಲ್ಲಿ ಒಂದು ಕೋಳಿಯ ಬೆನ್ನು ಬೋಳಾಯಿತು. ಬೋಳಾದಲ್ಲಿ ರಕ್ತ ಕಂಡಿತು. ರಕ್ತ ಕಂಡಲ್ಲಿಗೆ ಉಳಿದವೆಲ್ಲ ಕುಕ್ಕತೊಡಗಿದವು. ಹುಂಜ ನನ್ನ ಚಿಕ್ಕ ಮಗನ ಕಣ್ಣಿನ ಕೆಳಗೇ ಹಾರಿ ಒದೆಯಿತು. ದೇವರು ದೊಡ್ಡವನು, ಕಣ್ಣು ಉಳಿಯಿತು. ತಿಂಗಳು ತುಂಬುವುದರೊಳಗೆ ಆರು ಕೋಳಿ ಹೋದವು. ಮಕ್ಕಳ ಪಾಟಿ-ಪುಸ್ತಕಕ್ಕೆಂದು ಇಟ್ಟ ಮೊಟ್ಟೆಯ ದುಡ್ಡೂ ಹೋಯಿತು. ಆಗ ಅತ್ತೆಯವರು ಒಂದೇ ಮಾತು ಹೇಳಿದರು: "ಕೋಳಿ ಕಟ್ಟಿದಿ ಖರೆ, ಅದರ ಸಿಟ್ಟು ಎಲ್ಲಿ ಕಟ್ಟತಿ?"

ತಾಯಂದಿರೆ, ಇಂದಿನ ನನ್ನ ಮಾತಿನ ಸಾರವೆಲ್ಲ ಇದರಲ್ಲೇ ಇದೆ. ಕೋಳಿಗಳಲ್ಲಿ ದೊಡ್ಡದು-ಚಿಕ್ಕದು ಎಂಬ ಸಾಲು ಇರುತ್ತದೆ. ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ. ಬಯಲಿನಲ್ಲಾದರೆ ಕುಕ್ಕಿಸಿಕೊಂಡದ್ದು ಓಡಿ ಬೇಲಿ ಸೇರುತ್ತದೆ, ಜಗಳ ಅಲ್ಲಿಗೇ ಮುಗಿಯುತ್ತದೆ. ಜಾಳಿಯೊಳಗೆ ಓಡುವುದೆಲ್ಲಿಗೆ? ಆದುದರಿಂದ ಬಿಟ್ಟು ಸಾಕುವವರು ಮೊದಲು ಚುರುಕು ನೋಡಲಿ. ಕಟ್ಟಿ ಸಾಕುವವರು ಮೊದಲು ಗುಣ ನೋಡಬೇಕು, ಮೊಟ್ಟೆಯ ಲೆಕ್ಕ ಆಮೇಲೆ.

ಈಗ ತಳಿಗಳ ಗುಣ ಒಂದೊಂದಾಗಿ ನೋಡೋಣ.

ಅಸೀಲ್ ನಮ್ಮ ದೇಶದ್ದೇ ಹಳೆಯ ತಳಿ. ಮೈಕಟ್ಟು ಗಟ್ಟಿ, ನಡಿಗೆ ರಾಜನಂತೆ. ಆದರೆ ತಲೆತಲಾಂತರದಿಂದ ಅದನ್ನು ಕಾಳಗಕ್ಕೆಂದೇ ಆರಿಸಿ ಬೆಳೆಸಿದ್ದಾರೆ. ಮರಿಗಳು ಕೂಡ ಸಣ್ಣ ವಯಸ್ಸಿನಲ್ಲೇ ಎದುರುಬದುರು ನಿಲ್ಲುತ್ತವೆ. ಇದು ಜಾಳಿಯ ಕೋಳಿಯಲ್ಲ. ಹುಂಜದ ಕಾಳಗ ಆಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನೂ ನೆನಪಿಡಿರಿ.

ಬಿಳಿ ಲೆಗ್‌ಹಾರ್ನ್ ಇಟಲಿಯ ಮೂಲದ್ದು. ಮೊಟ್ಟೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಹಗುರ ಮೈ, ಅಂಜುಬುರುಕ ಸ್ವಭಾವ. ಪಾತ್ರೆ ಬಿದ್ದ ಸದ್ದಿಗೂ ಬೆದರಿ ಜಾಳಿಗೆ ಬಡಿದುಕೊಳ್ಳುತ್ತದೆ. ಆರಡಿ ಬೇಲಿಯನ್ನೂ ಹಾರಬಲ್ಲದು.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದು, ಮಾಂಸವೂ ಕಪ್ಪು. 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕ ಮೇಲೆ ಹೆಸರು ಇನ್ನೂ ದೊಡ್ಡದಾಗಿದೆ. ಅದೂ ಚುರುಕಿನ ಕೋಳಿ, ಮೊಟ್ಟೆ ಕಡಿಮೆ. ಹೆಸರಿಗೆ ಮರುಳಾಗಿ ಮೊದಲ ಸಲವೇ ಅದನ್ನು ತರಬೇಡಿರಿ.

ನಾಟಿ ಕೋಳಿ ಕಾವು ಕೂರುವುದರಲ್ಲಿ, ಮರಿ ಕಾಯುವುದರಲ್ಲಿ ಎತ್ತಿದ ಕೈ. ಆದರೆ ಕೆದರಿ ಮೇಯುವುದೇ ಅದರ ಬಾಳು. ಕಟ್ಟಿದರೆ ಕಸಿವಿಸಿ ಮಾಡುತ್ತದೆ. ಒಂದೆರಡನ್ನು ಕಾವಿಗೆಂದು ಬೇರೆ ಇಟ್ಟುಕೊಳ್ಳಬಹುದು.

ಹಾಗಾದರೆ ಸಾಧು ಯಾವುದು? ಮೈಭಾರದ ಕೋಳಿ ಸಾಮಾನ್ಯವಾಗಿ ಸಾಧು. ಆಸ್ಟ್ರೇಲಿಯಾದ ಕಪ್ಪು ಆಸ್ಟ್ರಲಾರ್ಪ್ ಈ ಗುಣಕ್ಕೆ ಹೆಸರಾದದ್ದು. ಅಮೆರಿಕದ ಕೆಂಪು ರೋಡ್ ಐಲೆಂಡ್ ಕೋಳಿಯ ಹೆಣ್ಣುಗಳೂ ಹೊಂದಿಕೊಳ್ಳುತ್ತವೆ. ಅದರ ಹುಂಜ ಮಾತ್ರ ಕೆಲವೊಮ್ಮೆ ಮೈಮೇಲೆ ಬರುತ್ತದೆ. ನಮ್ಮ ಕೈಗೆ ಸಿಗುವಂಥದ್ದು ಎಂದರೆ ಗಿರಿರಾಜ. ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ತಳಿ. ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಮೈ ಭಾರ, ಹಾರಾಟ ಕಡಿಮೆ. ಬಯಲಿನಲ್ಲಿ ಇದೇ ಅದರ ಕುಂದು: ನಾಯಿ, ಕಾಡುಬೆಕ್ಕು ಬಂದರೆ ತಪ್ಪಿಸಿಕೊಳ್ಳಲಾರದು. ಜಾಳಿಯೊಳಗೆ ಆ ಕುಂದೇ ಗುಣವಾಗುತ್ತದೆ. ನಮ್ಮ ಬೀದರಿನಲ್ಲೇ ಕೇಂದ್ರವಿರುವ ಪಶುವೈದ್ಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2005ರಲ್ಲಿ ಸ್ವರ್ಣಧಾರಾ ಎಂಬ ತಳಿಯನ್ನು ಕೊಟ್ಟಿತು. ಅದು ಗಿರಿರಾಜಕ್ಕಿಂತ ತುಸು ಹಗುರ, ಮೊಟ್ಟೆ ಹೆಚ್ಚು. ನಮ್ಮದೇ ಹೆದ್ದಾರಿ ಹಿಡಿದು ಹೋದರೆ ಸಿಗುವ ಹೈದರಾಬಾದಿನ ರಾಜೇಂದ್ರನಗರದಲ್ಲಿ ಬೆಳೆಸಿದ ವನರಾಜವೂ ಇದೇ ಜಾತಿಯ ಭಾರದ ಕೋಳಿ. ನಾನು ಈಗ ಸಾಕಿರುವುದು ಹತ್ತು ಗಿರಿರಾಜ. ಮಗ ಒಳಗೆ ಹೋಗಿ ಕೈಯಿಂದಲೇ ಕಾಳು ತಿನ್ನಿಸಿ ಬರುತ್ತಾನೆ.

ಒಂದು ಎಚ್ಚರಿಕೆ. ಇವು ಬೆರಕೆಯಿಂದ ಮಾಡಿದ ಕೋಳಿಗಳು. ಇವುಗಳ ಮೊಟ್ಟೆಯನ್ನೇ ಕಾವಿಗಿಟ್ಟು ಮರಿ ತೆಗೆದರೆ ತಾಯಿಯ ಗುಣ ಪೂರ್ತಿ ಬರುವುದಿಲ್ಲ. ಹೊಸ ಹಿಂಡಿಗೆ ಹೊಸ ಮರಿಯನ್ನೇ ತರಬೇಕು.

ಕೊಳ್ಳುವಾಗ ತಳಿಯ ಹೆಸರನ್ನಷ್ಟೇ ನಂಬಬೇಡಿರಿ. ಕೋಳಿಯನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಆನಿಸಿ ಹಿಡಿಯಿರಿ. ಸಾಧು ಕೋಳಿ ನಾಲ್ಕು ಉಸಿರಿನಲ್ಲಿ ಸುಮ್ಮನಾಗುತ್ತದೆ; ಒರಟು ಕೋಳಿ ಅರಚುತ್ತಲೇ ಇರುತ್ತದೆ. ಹುಂಜದ ಹತ್ತಿರ ಹೋದಾಗ ಕತ್ತಿನ ಪುಕ್ಕ ಕೆದರಿ ನುಗ್ಗಿ ಬಂದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ಬರೇ ಮೊಟ್ಟೆ ಬೇಕಾದವರಿಗೆ ಹುಂಜವೇ ಬೇಡ. ಹುಂಜ ಇಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ. ಮರಿ ಬೇಕಾದವರು ಎಂಟು-ಹತ್ತು ಹೆಣ್ಣಿಗೆ ಒಂದು ಹುಂಜ ಇಡಲಿ, ಎರಡು ಬೇಡ. ಎಲ್ಲವೂ ಒಂದೇ ತಳಿ, ಒಂದೇ ವಯಸ್ಸಿನವು ಇರಲಿ, ಒಟ್ಟಿಗೇ ತನ್ನಿರಿ. ಆಮೇಲೆ ಹೊಸದು ಸೇರಿಸಬೇಕಾದರೆ ಮೊದಲು ಎರಡು-ಮೂರು ವಾರ ದೂರ ಇಟ್ಟು ರೋಗವಿಲ್ಲವೆಂದು ನೋಡಿಕೊಳ್ಳಿರಿ. ಬಳಿಕ ಒಂದು ವಾರ ಜಾಳಿಯ ಆಚೆ ಇಟ್ಟು ಮುಖಪರಿಚಯ ಮಾಡಿಸಿ, ಕತ್ತಲಾದ ಮೇಲೆ ಒಳಗೆ ಬಿಡಿರಿ.

ಸಾಧು ಕೋಳಿಯನ್ನೂ ಇಕ್ಕಟ್ಟು ಕೆಡಿಸುತ್ತದೆ. ಒಂದು ಕೋಳಿಗೆ ಗೂಡಿನೊಳಗೆ ಮೂರು ಚದರ ಅಡಿ, ಹೊರಗಿನ ಜಾಳಿಯಲ್ಲಿ ಹತ್ತು ಚದರ ಅಡಿ ಇರಲಿ. ಅಂದರೆ ಹತ್ತು ಕೋಳಿಗೆ ಐದಡಿ-ಆರಡಿಯ ಗೂಡು, ಹತ್ತಡಿ-ಹತ್ತಡಿಯ ಜಾಳಿ ಸಾಕು. ನಾಲ್ಕೈದು ಕೋಳಿಗೆ ಒಂದರಂತೆ ಮೊಟ್ಟೆಯ ಪೆಟ್ಟಿಗೆ ಇಡಿರಿ. ಹೊರಳಾಡಲು ಒಂದು ಮೂಲೆಯಲ್ಲಿ ಬೂದಿ-ಮಣ್ಣು ಹಾಕಿರಿ. ನುಗ್ಗೆ ಸೊಪ್ಪನ್ನು ಹಗ್ಗಕ್ಕೆ ಕಟ್ಟಿ ತೂಗಬಿಟ್ಟರೆ ಅದನ್ನು ಕುಕ್ಕುತ್ತ ಒಂದನ್ನೊಂದು ಕುಕ್ಕುವುದನ್ನು ಮರೆಯುತ್ತವೆ. ರಕ್ತ ಕಂಡ ಕೋಳಿಯನ್ನು ಆ ಗಳಿಗೆಯಲ್ಲೇ ಬೇರೆ ಮಾಡಿರಿ.

ಹಸಿವೂ ಸಿಟ್ಟಿಗೆ ಕಾರಣ. ಕಟ್ಟಿದ ಕೋಳಿಗೆ ಹುಳು-ಹುಪ್ಪಟೆ ಸಿಗುವುದಿಲ್ಲ. ದಿನಕ್ಕೆ 100ರಿಂದ 120 ಗ್ರಾಂ ಆಹಾರ ನಾವೇ ಕೊಡಬೇಕು. ಬರೇ ಜೋಳ ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಸಸಾರಜನಕ ಮತ್ತು ಉಪ್ಪು ಕಡಿಮೆಯಾದರೆ ಪುಕ್ಕ ಕೀಳುವ ಚಾಳಿ ಬೀಳುತ್ತದೆ. ಮೊಟ್ಟೆ ಕೋಳಿಯ ಸಿದ್ಧ ಆಹಾರವನ್ನೇ ಮುಖ್ಯವಾಗಿಟ್ಟು, ಜೊತೆಗೆ ಜೋಳದ ನುಚ್ಚು, ಸೊಪ್ಪು, ಚಿಪ್ಪಿನ ಪುಡಿ ಕೊಡಿರಿ. ನಮ್ಮ ಸೀಮೆಯಲ್ಲಿ ಸೋಯಾ ಬೆಳೆ ಬಹಳ. ಆದರೆ ಹಸಿ ಸೋಯಾ ಕಾಳು ಹಾಕಬಾರದು; ಅದು ಕೋಳಿಗೆ ಜೀರ್ಣವಾಗುವುದಿಲ್ಲ, ಚೆನ್ನಾಗಿ ಹುರಿದೇ ಕೊಡಬೇಕು. ಬೂಸ್ಟು ಹಿಡಿದ ಶೇಂಗಾ ಹಿಂಡಿ ವಿಷಕ್ಕೆ ಸಮ.

ಭಾರದ ಕೋಳಿಗೆ ಬಿಸಿಲೇ ವೈರಿ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಬಾಯಿ ತೆರೆದು ತೇಕಿದರೆ ಅಪಾಯ ಬಂತೆಂದೇ ತಿಳಿಯಿರಿ. ನೆರಳಿರಲಿ, ಮಣ್ಣಿನ ಪಾತ್ರೆಯಲ್ಲಿ ತಣ್ಣೀರಿರಲಿ, ಆಹಾರ ಬೆಳಗಿನ ತಂಪಿನಲ್ಲಿ ಮತ್ತು ಸಂಜೆ ಕೊಡಿರಿ.

ಕೊನೆಗೆ ರೋಗ. ಕೊಕ್ಕರೆ ರೋಗ, ಅರ್ಥಾತ್ ರಾಣಿಖೇತ್, ಬಂದರೆ ಸಾಧುವೂ ಉಳಿಯದು, ಒರಟೂ ಉಳಿಯದು. ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಮೊದಲೇ ಲಸಿಕೆ ಹಾಕಿಸಬೇಕು. ಮರಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಲಸೋಟಾ ಹನಿ, ಎಂಟು ವಾರದ ಹೊತ್ತಿಗೆ ಸೂಜಿಯ ಲಸಿಕೆ. ಮುಂದಿನದನ್ನು ಪಶುವೈದ್ಯರನ್ನು ಕೇಳಿ ನಡೆಸಿರಿ.

ನಮ್ಮ ಪಕ್ಕದ ಮನೆಯ ಕಾಕಾ ಮೊನ್ನೆ ಜಾಳಿಯ ಹತ್ತಿರ ನಿಂತು ಬಹಳ ಹೊತ್ತು ನೋಡಿದರು. "ಏನವ್ವಾ, ನಿನ್ನ ಕೋಳಿ ಇಷ್ಟು ಶಾಂತ ಹ್ಯಾಂಗಾದ್ವು? ನಮ್ಮ ಸೊಸಿಗೂ ಒಂದಿಷ್ಟು ಮರಿ ಎಲ್ಲಿ ಸಿಗತಾವ ಹೇಳು" ಎಂದರು. ತೊಗರಿಯ ಜಗಳ ಅಲ್ಲಿಗೆ ಮುಗಿಯಿತು. ನೀವೂ ಜಾಳಿ ಕಟ್ಟುವ ಮೊದಲು ಕೋಳಿಯ ಗುಣ ನೋಡಿರಿ. ಗೂಡೂ ತಣ್ಣಗಿರುತ್ತದೆ, ನೆರೆಹೊರೆಯೂ ತಣ್ಣಗಿರುತ್ತದೆ.