ಮುಪ್ಪು, ವಸಡು ಮತ್ತು ಆಕರಕೋಶಗಳು

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ಹೇಳುವುದುಂಟು. ಆದರೆ ಈ ಗಾದೆಯ ಉತ್ತರಾರ್ಧವನ್ನಾದರೂ ಸುಳ್ಳು ಮಾಡಲು ಸಾಧ್ಯವೇ ಎಂಬುದನ್ನು ಇಂದು ವಿಚಾರ ಮಾಡೋಣ. ನಾವು ವೈದ್ಯರಲ್ಲ; ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಓದಿ ತಿಳಿದದ್ದನ್ನು ನಮ್ಮವರ ಮುಂದಿಡುವುದಷ್ಟೇ ನಮ್ಮ ಉದ್ದೇಶ.

ಹಲ್ಲು ದವಡೆಯ ಎಲುಬಿನಲ್ಲಿ ಮೊಳೆಯಂತೆ ನೆಟ್ಟಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವೊಂದಿದೆ. ಅಗಿಯುವಾಗಿನ ಭಾರವನ್ನು ತಾಳಿಕೊಳ್ಳುವುದು ಅದೇ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ಸೂಕ್ಷ್ಮಜೀವಿಗಳು ಬೆಳೆದಾಗ ಮೊದಲು ವಸಡು ಊದಿ ರಕ್ತ ಒಸರುತ್ತದೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಎಂಬ ವಿದ್ವಾಂಸರು 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಸುಮಾರು 3 ವಾರಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದ ಸುಮಾರು ಒಂದು ವಾರದಲ್ಲಿ ವಾಸಿಯಾಯಿತು. ಆದರೆ ಬಹುಕಾಲ ಅಲಕ್ಷಿಸಿದರೆ ರೋಗ ಒಳಗಿಳಿದು ನಾರನ್ನೂ ಎಲುಬನ್ನೂ ತಿನ್ನುತ್ತದೆ. ಹಾಗೆ ಕಳೆದ ಎಲುಬು ತಾನಾಗಿ ಮರಳಿ ಬಾರದು.

ಏಕೆ ಬಾರದು? ನಮ್ಮ ದೇಹದಲ್ಲಿ ಆಕರಕೋಶಗಳೆಂಬ ಮೂಲ ಜೀವಕೋಶಗಳಿವೆ. ತಾವೂ ಉಳಿದು, ಬೇಕಾದ ಹೊಸ ಕೋಶಗಳನ್ನೂ ಹುಟ್ಟಿಸುವುದು ಅವುಗಳ ಗುಣ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವು ಅಸಲು; ದಿನನಿತ್ಯದ ರಿಪೇರಿ ನಡೆಯುವುದು ಬಡ್ಡಿಯಿಂದ. ಹಲ್ಲಿನ ಆ ನಾರಿನ ಪದರದಲ್ಲಿಯೂ ಇಂಥ ಕೋಶಗಳಿರುವುದನ್ನು ಅಮೆರಿಕದ ವಿಜ್ಞಾನಿಗಳು 2004ರಲ್ಲಿ, ಕಿತ್ತ ಬುದ್ಧಿಹಲ್ಲುಗಳಿಂದ ತೋರಿಸಿಕೊಟ್ಟರು. ವಯಸ್ಸಾದಂತೆ ಈ ಕೋಶಗಳು ನಿಧಾನವಾಗಿ ವಿಭಜನೆಗೊಳ್ಳುತ್ತವೆ. ಗಾಯವಾದೆಡೆಗೆ ಚುರುಕಾಗಿ ಸಾಗಲಾರವು. ಎಲುಬು ಕಟ್ಟುವ ಶಕ್ತಿಯೂ ಕುಂದುತ್ತದೆ. ಅಷ್ಟೇ ಅಲ್ಲ, ಮುದಿಯಾದ ಕೋಶಗಳು ಸುಮ್ಮನೆ ಕೂಡದೆ ಉರಿಯೂತವನ್ನು ಹೆಚ್ಚಿಸುವ ದ್ರವ್ಯಗಳನ್ನು ಸ್ರವಿಸುತ್ತವೆ. ಉರಿಯೂತವು ಉಳಿದ ಆಕರಕೋಶಗಳನ್ನೂ ಕೆಡಿಸುತ್ತದೆ. ಜಮೆ ಇಳಿದು ಖರ್ಚು ಏರಿದರೆ ಯಾವ ಖಾತೆ ತಾನೇ ಉಳಿದೀತು?

ಹಾಗೆಂದು ಎಲ್ಲವನ್ನೂ ಮುಪ್ಪಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಶ್ರೀಲಂಕೆಯ ಚಹಾ ತೋಟಗಳಲ್ಲಿ ಹಲ್ಲುಜ್ಜುವ ರೂಢಿಯಿಲ್ಲದ 480 ಮಂದಿ ಗಂಡು ಕೂಲಿಕಾರರನ್ನು ಅದೇ ಲೋ ಅವರ ತಂಡ 1970ರಿಂದ 15 ವರ್ಷ ಪರಿಶೀಲಿಸಿತು. ಆರಂಭದಲ್ಲಿ ಅವರಾರಿಗೂ 31 ವರ್ಷ ಮೀರಿರಲಿಲ್ಲ. ಶೇಕಡಾ 8 ಮಂದಿಯಲ್ಲಿ ರೋಗ ಬಲು ವೇಗವಾಗಿ ಬೆಳೆದು, 45ರ ವಯಸ್ಸಿಗೆ ಹಲ್ಲುಗಳು ಬಹುಮಟ್ಟಿಗೆ ಹೋಗಿದ್ದವು. ಶೇಕಡಾ 81 ಮಂದಿಯಲ್ಲಿ ಮಧ್ಯಮ ಗತಿ. ಶೇಕಡಾ 11 ಮಂದಿಯಲ್ಲಿ ಅದು ವಸಡಿನ ಊತವನ್ನು ದಾಟಲೇ ಇಲ್ಲ. ಆದಕಾರಣ ವಯಸ್ಸೊಂದೇ ಅಪರಾಧಿಯಲ್ಲ. ತಂಬಾಕು, ಹತೋಟಿಯಲ್ಲಿರದ ಸಕ್ಕರೆ ಕಾಯಿಲೆ, ಇವು ರೋಗಕ್ಕೆ ಇಂಬು ಕೊಡುತ್ತವೆಂಬುದು ನಿರ್ವಿವಾದ.

ಕಳೆದದ್ದನ್ನು ಮರಳಿ ಬೆಳೆಸುವ ಪ್ರಯತ್ನಗಳೂ ನಡೆದಿವೆ. ಟೋಕಿಯೋದ ವೈದ್ಯರು 10 ಮಂದಿ ರೋಗಿಗಳಿಗೆ ಅವರವರದೇ ಹಲ್ಲಿನ ಪದರದ ಕೋಶಗಳನ್ನು ಹಾಳೆಯಂತೆ ಬೆಳೆಸಿ ಕೂರಿಸಿದ ವರದಿ 2018ರಲ್ಲಿ ಪ್ರಕಟವಾಯಿತು. ಎಲುಬು ಬೆಳೆದದ್ದು ಕಂಡುಬಂದಿತು. ಆಶಾದಾಯಕವೇ ಸರಿ, ಆದರೆ ಹತ್ತು ಮಂದಿಯ ಪ್ರಯೋಗ ಊರಿಗೆಲ್ಲ ಔಷಧವಾಗದು. ಮಕ್ಕಳ ಹಾಲುಹಲ್ಲನ್ನು ಕೂಡಿಡುವ 'ಬ್ಯಾಂಕು'ಗಳ ಜಾಹೀರಾತು ನೋಡಿ ಹಣ ಸುರಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ಹೊಕ್ಕುಳಬಳ್ಳಿಯ ರಕ್ತದ ಹೊರತು ಬೇರಾವುದರ ವಾಣಿಜ್ಯ ಸಂಗ್ರಹಕ್ಕೂ ಸಮ್ಮತಿ ಕೊಟ್ಟಿಲ್ಲ. ಬ್ಯಾಂಕೆಂಬ ಹೆಸರಿದ್ದ ಮಾತ್ರಕ್ಕೆ ಠೇವಣಿ ಭದ್ರವೆಂದು ಬ್ಯಾಂಕಿನವರಾದ ನಾವೇ ಹೇಳಲಾರೆವು!

ನಮ್ಮ ಕೈಯಲ್ಲಿರುವುದು ಅಸಲನ್ನು ಕಾಯುವುದು. ದಿನಕ್ಕೆ ಎರಡು ಬಾರಿ ಹಲ್ಲುಜ್ಜೋಣ, ಹೊಗೆಸೊಪ್ಪನ್ನು ಬಿಡೋಣ, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡೋಣ. ಊರಿನಿಂದ ಬಂದು ನಮ್ಮೊಡನಿರುವ ಹಿರಿಯರು ವಸಡಿನ ರಕ್ತವನ್ನು ಕಂಡರೂ 'ವಯಸ್ಸಾಯಿತಲ್ಲಪ್ಪ' ಎಂದು ಸುಮ್ಮನಿರುತ್ತಾರೆ. ಮಗನ ಖರ್ಚು ಹೆಚ್ಚೀತೆಂಬ ಸಂಕೋಚವೂ ಉಂಟು. ನಾವೇ ಕೇಳಿ, ದಂತವೈದ್ಯರ ಬಳಿಗೆ ಕರೆದೊಯ್ಯಬೇಕು. ಪರಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ದೊರೆಯುವುದು ಶಾಲೆಯಿಂದಲ್ಲ, ಅಜ್ಜ ಅಜ್ಜಿಯರ ಬಾಯಿಂದ. ತ, ಥ, ದ, ಧ, ನ ಎಂಬ ಅಕ್ಷರಗಳಿಗೆ ದಂತ್ಯಗಳೆಂದು ಹೆಸರಿಟ್ಟವರು ಹಲ್ಲಿನ ಬೆಲೆಯನ್ನು ಬಲ್ಲವರೇ. ಆ ಬಾಯಿ ಗಟ್ಟಿಯಾಗಿದ್ದು, ಮೊಮ್ಮಕ್ಕಳಿಗೆ ಬಹುಕಾಲ ಕಥೆ ಹೇಳುತ್ತಿರಲಿ ಎಂದು ಹಾರೈಸಿ ಮಾತು ಮುಗಿಸುತ್ತೇವೆ.