ಚಪಡ ಬರೆದ ಐದು ಅಕ್ಷರ

ಕಥೆ ಬರೆಯಲು ಕೂತವರಿಗೆ ಸಾಮಾನ್ಯವಾಗಿ ಎದುರಾಗುವ ಕಷ್ಟ ಒಂದಿದೆ. ಪಾತ್ರದ ಹೆಸರು, ವಯಸ್ಸು, ಜಾತಿ, ಕೆಲಸ, ಇಷ್ಟದ ತಿಂಡಿ, ಎಲ್ಲ ಬರೆದಿಟ್ಟುಕೊಂಡಿರುತ್ತೀರಿ. ಆದರೂ ಆ ಮನುಷ್ಯ ಬಾಯಿ ಬಿಡುವುದಿಲ್ಲ. ಇವತ್ತು ಅದರ ಬಗ್ಗೆ ಮಾತಾಡೋಣ. ಅದಕ್ಕೆ ನಾನು ನಿಮ್ಮನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಬೇಕು.

ಅಲ್ಲೊಂದು ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಪಕ್ಕದ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇದೇ ಶಾಸನದ ಪ್ರತಿಗಳಿವೆ. ಸುವರ್ಣಗಿರಿಯಿಂದ ಇಸಿಲದ (ಬ್ರಹ್ಮಗಿರಿಯ ನೆಲೆಯೇ ಇಸಿಲ ಎಂದು ಊಹೆ) ಮಹಾಮಾತ್ರರಿಗೆ, ಅಂದರೆ ಅಲ್ಲಿನ ಅಧಿಕಾರಿಗಳಿಗೆ, ಬಂದ ಆಜ್ಞೆ ಅದು. ಮೊದಲು ಅವರ ಆರೋಗ್ಯ ವಿಚಾರಿಸುತ್ತದೆ. ಆಮೇಲೆ ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಎನ್ನುತ್ತದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರು: ಚಪಡ.

ಆ ಸಾಲಿನ ಕೊನೆಯ ಪದ, ಲಿಪಿಕರೇಣ. 'ಲಿಪಿಕಾರನಿಂದ' ಎಂದರ್ಥ. ಆ ಐದು ಅಕ್ಷರ ಮಾತ್ರ ಬ್ರಾಹ್ಮಿಯಲ್ಲಿಲ್ಲ, ಖರೋಷ್ಠಿಯಲ್ಲಿದೆ. ಬಲದಿಂದ ಎಡಕ್ಕೆ ಸಾಗುವ ಆ ಲಿಪಿ ಬಳಕೆಯಲ್ಲಿದ್ದದ್ದು ದೂರದ ವಾಯವ್ಯದಲ್ಲಿ, ಗಾಂಧಾರದ ಕಡೆ. ಚಪಡ ಆ ಸೀಮೆಯಲ್ಲಿ ಅಕ್ಷರ ಕಲಿತವನಿರಬೇಕು ಎಂದು ವಿದ್ವಾಂಸರು ಊಹಿಸುವುದು ಇದರಿಂದಲೇ. ಇಸಿಲದಲ್ಲಿ ಅದನ್ನು ಓದಬಲ್ಲವರು ಬಹುಶಃ ಯಾರೂ ಇರಲಿಲ್ಲ.

ನನಗೆ ಇದಕ್ಕಿಂತ ಒಳ್ಳೆಯ ಪಾತ್ರಪರಿಚಯ ಗೊತ್ತಿಲ್ಲ. ಅವನ ವಯಸ್ಸು, ಮೈಬಣ್ಣ, ಹೆಂಡತಿ ಮಕ್ಕಳು ಯಾವುದೂ ನಮ್ಮ ಕೈಯಲ್ಲಿಲ್ಲ. ಇರುವುದು ಒಂದೇ ಒಂದು ಕೆಲಸ: ಯಾರೂ ಹೇಳದೆ, ಯಾರಿಗೂ ಬೇಕಿಲ್ಲದೆ ಅವನು ಮಾಡಿದ್ದು. ನಿಮ್ಮ ಪಾತ್ರದಲ್ಲೂ ಮೊದಲು ಹುಡುಕಬೇಕಾದದ್ದು ಇಂಥದನ್ನೇ.

ಆದರೆ ಸಿಕ್ಕ ತಕ್ಷಣ ಅರ್ಥ ಹಚ್ಚಬೇಡಿ. 'ಪಾಪ, ಊರು ನೆನಪಾಗಿರಬೇಕು' ಎಂದು ಯಾರಿಗಾದರೂ ಥಟ್ಟನೆ ಹೊಳೆಯುತ್ತದೆ. ಬಂಡೆಯನ್ನು ಇನ್ನೊಮ್ಮೆ ನೋಡಿ. ಊರಿನ ಲಿಪಿಯಲ್ಲಿ ಅವನು ಬರೆದದ್ದು ಊರಿನ ಹೆಸರಲ್ಲ. ತನ್ನ ಹೆಸರೂ ಅಲ್ಲ, ಅದು ಬ್ರಾಹ್ಮಿಯಲ್ಲೇ ಇದೆ. ಬರೆದದ್ದು ತನ್ನ ಕಸುಬು. ಅಂದರೆ ಇವನು ಊರಿಗಾಗಿ ಅಳುವವನಿಗಿಂತ ಹೆಚ್ಚಾಗಿ ತನ್ನ ವಿದ್ಯೆಯ ಬಗ್ಗೆ ಬಿಗುಮಾನ ಇಟ್ಟುಕೊಂಡವನು. ನಾನು ಬರೆದರೆ ಅವನನ್ನು ಹಾಗೇ ಬರೆಯುತ್ತೇನೆ. ನೀವು ಬೇರೆ ಥರ ಓದಬಹುದು. ಆದರೆ ಓದಿಗೆ ಆ ಬಂಡೆಯ ಮೇಲೆ ಆಧಾರ ಇರಲಿ.

ಇನ್ನು ಅವನನ್ನು ಆ ನೆಲದ ಮೇಲೆ ಓಡಾಡಿಸಿ. ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಕಲ್ಲುಗುಂಡುಗಳನ್ನು ಸುತ್ತ ಜೋಡಿಸಿದ ಸಮಾಧಿಗಳು, ಕಬ್ಬಿಣದ ಆಯುಧಗಳು, ಕಪ್ಪು-ಕೆಂಪು ಮಡಕೆಗಳು ಸಿಕ್ಕವು. ಚಪಡ ಬಂದಿಳಿದದ್ದು ಬಹುಶಃ ಅವುಗಳನ್ನು ಮಾಡಿದ ಜನರ ನಡುವೆ. ಅವನಿಗೆ ಅವರ ಮಾತು ಬಾರದು. ಬಾಯಾರಿದೆ, ಒಂದು ಮಡಕೆ ಬೇಕು. ಕೈಸನ್ನೆ ಮಾಡುತ್ತಾನೋ, ತನ್ನ ಭಾಷೆಯಲ್ಲೇ ಗಟ್ಟಿಯಾಗಿ ಕೇಳುತ್ತಾನೋ, ಯಾರಾದರೂ ತಂದುಕೊಡಲಿ ಎಂದು ಸುಮ್ಮನೆ ಕೂರುತ್ತಾನೋ? ಈ ದೃಶ್ಯ ಕಥೆಗೆ ಬರಬೇಕಿಲ್ಲ, ಆದರೂ ಬರೆಯಿರಿ. ಅವನ ದನಿ ನಿಮಗೆ ಕೇಳಿಸುವುದು ಇಂಥ ಕಡೆಯೇ. ಹಾಗೇ ಆ ಐದು ಅಕ್ಷರ ಕಂಡ ಮಹಾಮಾತ್ರ ಅದೇನು ಎಂದು ಕೇಳಿದನೇ? ಕೇಳಿದ್ದರೆ ನಿಮಗೆ ಎರಡನೆಯ ಪಾತ್ರವೂ ಸಿಕ್ಕಿತು.

ಇದಕ್ಕೆ ತದ್ವಿರುದ್ಧವಾದ ಕಷ್ಟವೂ ಉಂಟು: ಪಾತ್ರ ಎಲ್ಲರಿಗೂ ಮೊದಲೇ ಗೊತ್ತಿರುವುದು. ಚಳ್ಳಕೆರೆ ತಾಲ್ಲೂಕಿನ ತಳುಕು ಮನೆತನದ ತ.ರಾ. ಸುಬ್ಬರಾಯರು 'ದುರ್ಗಾಸ್ತಮಾನ' ಕಾದಂಬರಿ ಬರೆದಾಗ ಚಿತ್ರದುರ್ಗದ ಅರಸ ಮದಕರಿನಾಯಕ ಯಾರಿಗೂ ಹೊಸಬನಲ್ಲ. 1779ರಲ್ಲಿ ಹೈದರಾಲಿಗೆ ದುರ್ಗ ಸೋತದ್ದು ಚಿತ್ರದುರ್ಗ ಸೀಮೆಯ ಮಕ್ಕಳಿಗೂ ಗೊತ್ತು. ಜನ ಅವನನ್ನು ಆಗಲೇ ವೀರನನ್ನಾಗಿ ಮಾಡಿಟ್ಟಿದ್ದರು. ತರಾಸು ಕಥೆಯನ್ನು ಕೊನೆಯ ಯುದ್ಧದಿಂದ ಶುರು ಮಾಡಲಿಲ್ಲ. ಮಕ್ಕಳಿಲ್ಲದ ಹಿಂದಿನ ನಾಯಕ ತೀರಿಕೊಂಡ ಮೇಲೆ ಪಟ್ಟಕ್ಕೆ ಕರೆತಂದ ಹುಡುಗ ಮದಕರಿಯನ್ನು ಮೊದಲು ಕಂಡರು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮುಂತಾದ ಕಾದಂಬರಿಗಳಲ್ಲಿ ದುರ್ಗದ ಜೊತೆ ವರ್ಷಗಟ್ಟಲೆ ಬದುಕಿದ ಮೇಲೆ, ಬಾಳಿನ ಕೊನೆಗಾಲದಲ್ಲಿ ಅವರು ಈ ಹುಡುಗನ ಹತ್ತಿರ ಬಂದದ್ದು. ಪರಿಚಯಕ್ಕೆ ಅಷ್ಟು ಕಾಲ ಹಿಡಿಯಬಹುದು. ಹಿಡಿದರೆ ಹಿಡಿಯಲಿ. ಆ ಕಾದಂಬರಿಗೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನೋಡಲು ತರಾಸು ಇರಲಿಲ್ಲ.

ಈಗ ನಿಮ್ಮ ಸರದಿ. ಮೊಳಕಾಲ್ಮೂರಿನ ಒಬ್ಬ ರೇಷ್ಮೆ ಸೀರೆ ನೇಕಾರನನ್ನು ಕಲ್ಪಿಸಿಕೊಳ್ಳಿ. ಸೀರೆ ಮುಗಿದಿದೆ, ಮಗ್ಗದಿಂದ ಇಳಿಸಿದ್ದಾನೆ, ಬೆಳಗಾದರೆ ಸಾಹುಕಾರರಿಗೆ ಕೊಡಬೇಕು. ಮನೆಯಲ್ಲಿ ಅವನೂ ಹೆಂಡತಿಯೂ ಇಬ್ಬರೇ. ಸೆರಗನ್ನು ಒಮ್ಮೆ ಅವಳ ಹೆಗಲ ಮೇಲೆ ಹಾಕಿ ನೋಡುತ್ತಾನೆ ಎಂದು ಒಂದು ಪುಟ ಬರೆಯಿರಿ. ಅವಳು ಕೈಚಾಚಿದರೂ ಮುಟ್ಟಗೊಡದೆ ಮಡಿಚಿಡುತ್ತಾನೆ ಎಂದು ಇನ್ನೊಂದು ಪುಟ. ಎರಡನ್ನೂ ಗಟ್ಟಿಯಾಗಿ ಓದಿ. ಯಾವುದರಲ್ಲಿ ಹೆಂಡತಿ ನೀವು ಅಂದುಕೊಂಡಿರದ ಮಾತು ಆಡುತ್ತಾಳೋ ಅದನ್ನು ಇಟ್ಟುಕೊಂಡು ಮುಂದುವರಿಯಿರಿ.